ಅಜ್ಜಿಯ ಹಾಡು ಎಷ್ಟು ಜಾಗ ಹಿಡಿಯುತ್ತದೆ?

ಮಕ್ಕಳೇ, ಮೊಬೈಲಿನಲ್ಲಿ ವೀಡಿಯೊ ತೆಗೆಯುವುದು ನಿಮಗೆಲ್ಲ ಗೊತ್ತು. ಶಾಲಾ ವಾರ್ಷಿಕೋತ್ಸವ, ಊರ ಜಾತ್ರೆ, ಮನೆಯ ಮದುವೆ, ಎಲ್ಲದಕ್ಕೂ ವೀಡಿಯೊ. ಈಗ ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ನಿಮ್ಮ ಓಣಿಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಬೀಸುವ ಕಲ್ಲಿನ ಪದ, ಸೋಬಾನೆ ಪದ, ತೊಟ್ಟಿಲ ಪದ ಎಲ್ಲವೂ ಅವರ ನಾಲಿಗೆಯ ಮೇಲಿವೆ. ಅವುಗಳಲ್ಲಿ ಕೆಲವು ಯಾವ ಪುಸ್ತಕದಲ್ಲೂ ಇಲ್ಲ. ನೀವು ಗೆಳೆಯರ ಜೊತೆ ಹೋಗಿ ಅವರ ಹಾಡನ್ನು ಹತ್ತು ನಿಮಿಷ ವೀಡಿಯೊ ಮಾಡಿಕೊಂಡು ಬಂದಿರಿ. ಎರಡು ತಿಂಗಳು ಕಳೆಯಿತು. ಅಪ್ಪನ ಮೊಬೈಲು 'ಜಾಗ ತುಂಬಿದೆ' ಎಂದು ದೂರತೊಡಗಿತು. ಅಪ್ಪ ದೊಡ್ಡ ದೊಡ್ಡ ವೀಡಿಯೊಗಳನ್ನೇ ಹುಡುಕಿ ಅಳಿಸಲು ಕುಳಿತರು. ಅಜ್ಜಿಯ ಹಾಡು ಉಳಿಯುತ್ತದೆಯೇ?

ಹಾಡು, ಮಾತು ಹೀಗೆ ಕಳೆದುಹೋಗುವುದು ಹೊಸದೇನಲ್ಲ. ಭಾರತದ ಮೊದಲ ಮಾತನಾಡುವ ಚಲನಚಿತ್ರ 'ಆಲಂ ಆರಾ' 1931ರಲ್ಲಿ ಬಂತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಜನ ಗುಂಪುಗುಂಪಾಗಿ ಹೋಗಿ ನೋಡಿದ, ಕೇಳಿದ ಈ ಎರಡೂ ಚಿತ್ರಗಳ ಪ್ರತಿ ಇಂದು ದೊರೆಯುತ್ತಿಲ್ಲ. ಅಷ್ಟು ಹಣ ಹಾಕಿ ತಯಾರಿಸಿದ ಚಿತ್ರಗಳ ಗತಿಯೇ ಹೀಗಾದರೆ ನಿಮ್ಮ ಅಪ್ಪನ ಮೊಬೈಲಿನಲ್ಲಿರುವ ಹಾಡಿನ ಗತಿ ಏನು?

ಒಂದು ಉಪಾಯವಿದೆ. ಹಾಡಿಗೆ ಮುಖ್ಯವಾದದ್ದು ಧ್ವನಿ. ವೀಡಿಯೊದೊಳಗಿನ ಧ್ವನಿಯನ್ನು ಮಾತ್ರ ಹೊರತೆಗೆದು, ಯಾರು ಬೇಕಾದರೂ ಎಂದು ಬೇಕಾದರೂ ತೆರೆದು ಕೇಳಬಹುದಾದ ರೂಪದಲ್ಲಿ ಇಡುವುದು. ಅದು ಹೇಗೆ, ಅದರ ಹಿಂದಿರುವ ವಿಜ್ಞಾನವೇನು ಎಂಬುದನ್ನು ನೋಡೋಣ ಬನ್ನಿ.

ಒಂದೇ ಪೆಟ್ಟಿಗೆ, ಎರಡು ಸರಕು

ವೀಡಿಯೊ ಎಂದರೆ ಚಿತ್ರ ಮತ್ತು ಧ್ವನಿ ಬೆರೆತುಹೋದ ಒಂದು ವಸ್ತು ಎಂದು ಹಲವರು ತಿಳಿದಿರುತ್ತಾರೆ. ಹಾಗಲ್ಲ. ಅವು ಹಾಲು ನೀರಿನಂತೆ ಬೆರೆತಿಲ್ಲ. ಊಟದ ಕ್ಯಾರಿಯರ್‌ನಲ್ಲಿ ಅನ್ನದ ಡಬ್ಬಿ ಬೇರೆ, ಸಾರಿನ ಡಬ್ಬಿ ಬೇರೆ ಇರುವಂತೆ ಇವೆ. ಹಿಡಿ ಒಂದೇ, ಡಬ್ಬಿಗಳು ಬೇರೆ ಬೇರೆ.

ಹಳೆಯ ಸಿನಿಮಾ ರೀಲಿನಲ್ಲಿ ಇದನ್ನು ಕಣ್ಣಿನಿಂದಲೇ ನೋಡಬಹುದಿತ್ತು. ರೀಲಿನ ಉದ್ದಕ್ಕೂ ಒಂದರ ಕೆಳಗೊಂದು ಚಿತ್ರಗಳು. ಅವುಗಳ ಪಕ್ಕದಲ್ಲಿ, ಅಂಚಿನ ರಂಧ್ರಗಳ ಬಳಿ, ಒಂದು ತೆಳ್ಳಗಿನ ಅಂಕುಡೊಂಕು ಪಟ್ಟಿ. ಆ ಪಟ್ಟಿಯೇ ಧ್ವನಿ! ಪಟ್ಟಿಯ ಮೂಲಕ ಬೆಳಕು ಹಾಯಿಸಿದಾಗ ಅದು ಹೆಚ್ಚು ಕಡಿಮೆಯಾಗುತ್ತದೆ. ಆ ಏರಿಳಿತವನ್ನು ಯಂತ್ರವು ವಿದ್ಯುತ್ತಾಗಿ, ಬಳಿಕ ಧ್ವನಿಯಾಗಿ ಬದಲಿಸುತ್ತಿತ್ತು. ಇನ್ನೊಂದು ಸ್ವಾರಸ್ಯ ಕೇಳಿ. ಒಂದು ಚಿತ್ರಕ್ಕೆ ಸೇರಿದ ಧ್ವನಿ ಅದರ ಪಕ್ಕದಲ್ಲೇ ಇರುತ್ತಿರಲಿಲ್ಲ, ಸುಮಾರು 20 ಚಿತ್ರಗಳಷ್ಟು ಮುಂದೆ ಇರುತ್ತಿತ್ತು. ಯಂತ್ರದಲ್ಲಿ ಚಿತ್ರ ತೋರಿಸುವ ಜಾಗ ಒಂದು ಕಡೆ, ಧ್ವನಿ ಓದುವ ಜಾಗ ಅದರ ಕೆಳಗೆ. ಎರಡೂ ಸರಿಯಾಗಿ ಹೊಂದಲಿ ಎಂದು ಈ ಏರ್ಪಾಡು.

ಇಂದಿನ ಮೊಬೈಲಿನ ವೀಡಿಯೊ ಕಡತದಲ್ಲೂ ಇದೇ ಕ್ರಮ. ಹೆಸರಿನ ಕೊನೆಯಲ್ಲಿ ಎಂಪಿ4 ಎಂದಿರುವುದನ್ನು ನೀವು ಗಮನಿಸಿರಬಹುದು. ಎಂಪಿ4 ಒಂದು ಪೆಟ್ಟಿಗೆಯ ಹೆಸರು. ಅದರೊಳಗೆ ಚಿತ್ರದ ಸಾಲು ಒಂದು, ಧ್ವನಿಯ ಸಾಲು ಇನ್ನೊಂದು. ಪ್ರತಿ ತುಣುಕಿನ ಮೇಲೂ 'ಇದನ್ನು ಇಷ್ಟನೇ ಸೆಕೆಂಡಿಗೆ ತೋರಿಸು', 'ಇದನ್ನು ಇಷ್ಟನೇ ಸೆಕೆಂಡಿಗೆ ಕೇಳಿಸು' ಎಂದು ಸಮಯದ ಗುರುತು ಇರುತ್ತದೆ. ಅದರಿಂದಲೇ ಅಜ್ಜಿಯ ತುಟಿ ಅಲುಗುವುದಕ್ಕೂ ಹಾಡು ಕೇಳುವುದಕ್ಕೂ ತಾಳ ತಪ್ಪುವುದಿಲ್ಲ.

ಈ ಎರಡು ಸರಕುಗಳಲ್ಲಿ ಭಾರ ಯಾವುದು? ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರದ ಅಗಲದಲ್ಲಿ 1,920 ಚುಕ್ಕೆಗಳು, ಎತ್ತರದಲ್ಲಿ 1,080 ಚುಕ್ಕೆಗಳು. ಗುಣಿಸಿ ನೋಡಿ: 20,73,600 ಚುಕ್ಕೆಗಳು. ಸೆಕೆಂಡಿಗೆ 30 ಚಿತ್ರವಾದರೆ 6 ಕೋಟಿ 22 ಲಕ್ಷಕ್ಕೂ ಹೆಚ್ಚು ಚುಕ್ಕೆಗಳು! ಧ್ವನಿಗೆ ಬೇಕಾದ ಅಂಕಿಗಳು ಸೆಕೆಂಡಿಗೆ ಒಂದು ಲಕ್ಷದ ಆಸುಪಾಸು, ಅಷ್ಟೇ. ಚಿತ್ರವನ್ನು ಮೊಬೈಲು ಬಹಳವಾಗಿ ಹಿಂಡಿ ಕುಗ್ಗಿಸಿಯೇ ಇಡುತ್ತದೆ. ಆದರೂ ವೀಡಿಯೊ ಕಡತದ ಭಾರವೆಲ್ಲ ಬಹುಮಟ್ಟಿಗೆ ಚಿತ್ರದ್ದೇ.

ಧ್ವನಿ ಅಂಕಿಯಾಗುವುದು ಹೇಗೆ?

ಧ್ವನಿ ಎಂದರೆ ಕಂಪನ ಎಂದು ಪಾಠದಲ್ಲಿ ಓದಿದ್ದೀರಿ. ಅಜ್ಜಿಯ ಗಂಟಲಿನ ತಂತುಗಳು ಕಂಪಿಸುತ್ತವೆ, ಗಾಳಿ ಕಂಪಿಸುತ್ತದೆ, ಮೊಬೈಲಿನ ಮೈಕ್‌ನಲ್ಲಿರುವ ತೆಳು ಪೊರೆ ಕಂಪಿಸುತ್ತದೆ. ಆದರೆ ಮೊಬೈಲಿಗೆ ಕಂಪನವನ್ನು ಹಾಗೆಯೇ ಇಟ್ಟುಕೊಳ್ಳಲು ಬಾರದು. ಅದಕ್ಕೆ ಗೊತ್ತಿರುವುದು ಅಂಕಿಗಳು ಮಾತ್ರ. ಅಲೆಯನ್ನು ಅಂಕಿಯಾಗಿ ಬದಲಿಸುವುದು ಹೇಗೆ? ಇದನ್ನು ನೀವೇ ಮಾಡಿ ನೋಡಬಹುದು. ಎರಡು ಗ್ರಾಫ್ ಹಾಳೆ, ಪೆನ್ಸಿಲು ಮತ್ತು ಒಬ್ಬ ಗೆಳೆಯ ಅಥವಾ ಗೆಳತಿ ಸಾಕು.

ಹಾಳೆಯ ನಡುವೆ ಅಡ್ಡವಾಗಿ ಒಂದು ಗೆರೆ ಎಳೆಯಿರಿ. ಅದರ ಮೇಲೆ ಏರಿ ಇಳಿಯುವ ಅಲೆಯೊಂದನ್ನು ಬರೆಯಿರಿ. ಅಲೆ 8 ಸೆಂಟಿಮೀಟರ್ ಉದ್ದವಿರಲಿ, ನಡುಗೆರೆಯಿಂದ 20 ಮಿಲಿಮೀಟರ್ ಮೇಲೇರಿ ಅಷ್ಟೇ ಕೆಳಗಿಳಿಯಲಿ. ಅಂಥ ಎರಡು ಅಲೆಗಳು ಒಂದರ ಪಕ್ಕ ಒಂದು ಬರಲಿ. ಈಗ ಒಂದೊಂದು ಸೆಂಟಿಮೀಟರಿಗೆ ಅಲೆಯ ಎತ್ತರ ಎಷ್ಟು ಮಿಲಿಮೀಟರ್ ಎಂದು ಅಳೆದು ಬರೆದುಕೊಳ್ಳಿ. ಗೆರೆಯ ಕೆಳಗಿದ್ದರೆ ಋಣ ಚಿಹ್ನೆ ಹಾಕಿ. ನಿಮಗೆ ಹೆಚ್ಚು ಕಡಿಮೆ ಈ ಸಂಖ್ಯೆಗಳು ದೊರೆಯುತ್ತವೆ:

0, 14, 20, 14, 0, -14, -20, -14, 0, 14, 20, 14, 0, -14, -20, -14, 0

ನಿಮ್ಮ ಹಾಳೆಯನ್ನು ತೋರಿಸದೆ ಈ ಸಂಖ್ಯೆಗಳನ್ನಷ್ಟೇ ಗೆಳತಿಗೆ ಓದಿ ಹೇಳಿ. ಅವಳು ತನ್ನ ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳನ್ನಿಟ್ಟು ಅವುಗಳನ್ನು ನಯವಾದ ಗೆರೆಯಿಂದ ಸೇರಿಸಲಿ. ಏನು ಬಂತು? ನಿಮ್ಮ ಅಲೆಯೇ ಅಲ್ಲವೇ! ಅಲೆಯನ್ನು ಕಳಿಸಲಿಲ್ಲ, ಅಂಕಿಗಳನ್ನು ಕಳಿಸಿದಿರಿ. ಮೊಬೈಲು ಮಾಡುವುದೂ ಇದನ್ನೇ. ಹೀಗೆ ಅಳೆದ ಒಂದೊಂದು ಅಂಕಿಗೂ 'ಮಾದರಿ' ಎಂದು ಹೆಸರು.

ಆಟ ಇನ್ನೂ ಮುಗಿದಿಲ್ಲ. ಈಗ ಸೋಮಾರಿತನ ಮಾಡಿ, ಪ್ರತಿ ನಾಲ್ಕು ಸೆಂಟಿಮೀಟರಿಗೆ ಒಂದೇ ಅಳತೆ ತೆಗೆದುಕೊಳ್ಳಿ. ಮೇಲಿನ ಪಟ್ಟಿಯಲ್ಲಿ ಮೊದಲನೆಯದು, ಐದನೆಯದು, ಒಂಬತ್ತನೆಯದು, ಹೀಗೆ ಆರಿಸಿ. 0, 0, 0, 0, 0! ಗೆಳತಿಯ ಹಾಳೆಯಲ್ಲಿ ಬರುವುದು ನೆಟ್ಟನೆಯ ಗೆರೆ. ಅಲೆ ಮಾಯವಾಗಿಬಿಟ್ಟಿತು. ಒಂದು ಅಲೆಗೆ ಎರಡೇ ಅಳತೆ ಸಾಲದು, ಎರಡಕ್ಕಿಂತ ಹೆಚ್ಚು ಬೇಕು ಎಂಬ ಮುಖ್ಯ ನಿಯಮವನ್ನು ನೀವು ಗ್ರಾಫ್ ಹಾಳೆಯಲ್ಲೇ ಕಂಡುಕೊಂಡಿರಿ.

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20ರಿಂದ 20,000ದವರೆಗಿನ ಕಂಪನಗಳು ಕೇಳಿಸುತ್ತವೆ. 20,000 ಅಲೆಗೆ ಎರಡರಂತೆ ಲೆಕ್ಕ ಹಾಕಿದರೆ 40,000. ಅದಕ್ಕಿಂತ ಸ್ವಲ್ಪ ಹೆಚ್ಚು ಇರಲೆಂದು ಹಾಡಿನ ಸಿ.ಡಿ.ಗಳಲ್ಲಿ ಸೆಕೆಂಡಿಗೆ 44,100 ಮಾದರಿಗಳನ್ನು ಇಡುತ್ತಾರೆ. ವೀಡಿಯೊಗಳಲ್ಲಿ ಸಾಮಾನ್ಯವಾಗಿ 48,000. ಪ್ರತಿ ಮಾದರಿಯನ್ನು 65,536 ಮೆಟ್ಟಿಲುಗಳಿರುವ ಅಳತೆಪಟ್ಟಿಯಲ್ಲಿ ಅಳೆಯುತ್ತಾರೆ. ಅದನ್ನು ಬರೆದಿಡಲು 2 ಬೈಟ್ ಜಾಗ ಬೇಕು. ಎಡಗಿವಿಗೊಂದು ಬಲಗಿವಿಗೊಂದು ಎಂದು ಎರಡು ಸಾಲು. ಹಾಗಾದರೆ ಒಂದು ನಿಮಿಷಕ್ಕೆ?

44,100 × 2 ಬೈಟ್ × 2 ಸಾಲು × 60 ಸೆಕೆಂಡ್ = 1,05,84,000 ಬೈಟ್

ಒಂದು ಕೋಟಿ ಬೈಟ್ ಮೀರಿತು, ಅಂದರೆ ಸುಮಾರು 10 ಮೆಗಾಬೈಟ್. ಹತ್ತು ನಿಮಿಷದ ಹಾಡಿಗೆ 100ಕ್ಕೂ ಹೆಚ್ಚು. ಇದನ್ನು ಇನ್ನೂ ಕುಗ್ಗಿಸಬೇಕು.

ಕಿವಿಗೆ ಕೇಳಿಸದ್ದನ್ನು ಏಕೆ ಇಡಬೇಕು?

ಹಿಟ್ಟಿನ ಗಿರಣಿಯ ಒಳಗೆ ನಿಂತು ಪಿಸುಮಾತಿನಲ್ಲಿ ಮಾತನಾಡಿ ನೋಡಿ. ಪಕ್ಕದವರಿಗೆ ಒಂದಕ್ಷರವೂ ಕೇಳಿಸದು. ಪಿಸುಮಾತು ಗಾಳಿಯಲ್ಲಿ ಇದ್ದೇ ಇದೆ, ಆದರೆ ಗಿರಣಿಯ ಸದ್ದು ಅದನ್ನು ಮುಚ್ಚಿಹಾಕುತ್ತದೆ. ನಮ್ಮ ಕಿವಿ ಮತ್ತು ಮೆದುಳಿನ ಸ್ವಭಾವವೇ ಹಾಗೆ: ಜೋರಾದ ಸದ್ದೊಂದು ಬಂದಾಗ, ಅದೇ ಹೊತ್ತಿನಲ್ಲಿ ಅದಕ್ಕೆ ಹತ್ತಿರದ ಶ್ರುತಿಯಲ್ಲಿರುವ ಮೆಲುದನಿಗಳು ನಮಗೆ ತಿಳಿಯುವುದಿಲ್ಲ. ಧ್ವನಿಯನ್ನು ಕುಗ್ಗಿಸುವ ವಿಧಾನಗಳು ಇದನ್ನೇ ಬಳಸಿಕೊಳ್ಳುತ್ತವೆ. ಮುಚ್ಚಿಹೋಗುವ ದನಿಗಳನ್ನು ಕೈಬಿಡು, ಇಲ್ಲವೇ ಒರಟಾಗಿ ಬರೆದಿಡು. ಹೇಗೂ ಕೇಳುವವರಿಗೆ ಗೊತ್ತಾಗದು. ಎಂಪಿ3 ಎಂಬ ಹೆಸರು ನೀವು ಕೇಳಿದ್ದೀರಲ್ಲ, ಅದು ಮಾಡುವುದೂ ಇದನ್ನೇ.

ಎಂಪಿ3ಯನ್ನು ರೂಪಿಸಿದವರಲ್ಲಿ ಜರ್ಮನಿಯ ಕಾರ್ಲ್‌ಹೈನ್ಸ್ ಬ್ರಾಂಡೆನ್‌ಬುರ್ಗ್ ಮುಖ್ಯರು. ಅವರು ತಮ್ಮ ವಿಧಾನವನ್ನು ಪರೀಕ್ಷಿಸಲು ಬಳಸಿದ ಹಾಡುಗಳಲ್ಲಿ ಒಂದು, ವಾದ್ಯಗಳೇ ಇಲ್ಲದೆ ಸುಜಾನ್ ವೇಗಾ ಎಂಬ ಗಾಯಕಿ ಒಬ್ಬರೇ ಹಾಡಿದ್ದು. ಮೊದಲ ಸಲ ಕುಗ್ಗಿಸಿದಾಗ ಆಕೆಯ ದನಿ ಕೇಳುವಂತಿರಲಿಲ್ಲವಂತೆ. ವಾದ್ಯಗಳ ಗದ್ದಲದಲ್ಲಿ ಅಡಗುವ ತಪ್ಪುಗಳು ಒಂಟಿ ದನಿಯಲ್ಲಿ ಎದ್ದು ಕಾಣುತ್ತವೆ. ಅದೇ ಹಾಡನ್ನು ಮತ್ತೆ ಮತ್ತೆ ಕೇಳುತ್ತ ಅವರು ವಿಧಾನವನ್ನು ತಿದ್ದಿದರು. ಬೀಸುವ ಕಲ್ಲಿನ ಮುಂದೆ ಅಜ್ಜಿ ಹಾಡುವುದೂ ಒಂಟಿ ದನಿಯಲ್ಲೇ ಅಲ್ಲವೇ? ಆದ್ದರಿಂದ ಅದನ್ನು ಅತಿಯಾಗಿ ಕುಗ್ಗಿಸಬಾರದು. ಸೆಕೆಂಡಿಗೆ 1,28,000 ಬಿಟ್, ಅಂದರೆ 16,000 ಬೈಟ್ ಇಟ್ಟುಕೊಂಡರೆ ಚೆನ್ನಾಗಿರುತ್ತದೆ. ಹತ್ತು ನಿಮಿಷಕ್ಕೆ 96 ಲಕ್ಷ ಬೈಟ್, ಎಂದರೆ 9.6 ಮೆಗಾಬೈಟ್.

ಈಗ ಹೋಲಿಸಿ. ಮೊಬೈಲಿನ ವೀಡಿಯೊ ಸೆಕೆಂಡಿಗೆ 2 ಮೆಗಾಬೈಟ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ನಿಮಿಷಕ್ಕೆ 1,200 ಮೆಗಾಬೈಟ್. ಅದನ್ನು 9.6ರಿಂದ ಭಾಗಿಸಿ: 125. ಒಂದು ವೀಡಿಯೊದ ಜಾಗದಲ್ಲಿ ಅಂಥ 125 ಹಾಡುಗಳು! ಅಪ್ಪ ಅಳಿಸಲು ಹುಡುಕುವ ಪಟ್ಟಿಯಲ್ಲಿ 9.6 ಮೆಗಾಬೈಟಿನ ಕಡತ ಕಣ್ಣಿಗೇ ಬೀಳುವುದಿಲ್ಲ.

ಬೀಗವಿಲ್ಲದ ಪೆಟ್ಟಿಗೆ

ಕಡತ ಉಳಿದರಷ್ಟೇ ಸಾಲದು, ಅದನ್ನು ಓದಲು ಬರಬೇಕು. ಕಂಪ್ಯೂಟರಿನಲ್ಲಿ ಕನ್ನಡ ಬಂದ ಮೊದಲ ವರ್ಷಗಳಲ್ಲಿ ಒಂದೊಂದು ತಂತ್ರಾಂಶ ತನ್ನದೇ ರೀತಿಯಲ್ಲಿ ಅಕ್ಷರಗಳನ್ನು ಬರೆದಿಡುತ್ತಿತ್ತು. ಆಗ ಟೈಪ್ ಮಾಡಿದ ಕಡತವನ್ನು ಇಂದು ತೆರೆದರೆ, ಆ ಹಳೆಯ ಅಕ್ಷರಜೋಡಣೆ ಕಂಪ್ಯೂಟರಿನಲ್ಲಿಲ್ಲದಿದ್ದರೆ, ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ನಿಮ್ಮ ಶಾಲೆಯ ಹಳೆಯ ಕಂಪ್ಯೂಟರಿನಲ್ಲಿ ಹುಡುಕಿದರೆ ಅಂಥದ್ದೊಂದು ಸಿಕ್ಕರೂ ಸಿಗಬಹುದು! ಕಾಗದ ಇದೆ, ಓದುವ ಕೀಲಿ ಇಲ್ಲ. ಬರೆದಿಡುವ ನಿಯಮ ಎಲ್ಲರಿಗೂ ತೆರೆದಿದ್ದರೆ ಈ ತೊಂದರೆ ಬಾರದು. ಇಂದು ಯಾರಲ್ಲಿ ಆ ತಂತ್ರಾಂಶ ಇಲ್ಲದಿದ್ದರೂ, ನಾಳೆ ಯಾರಾದರೂ ನಿಯಮ ಓದಿ ಹೊಸದನ್ನು ಬರೆದುಕೊಳ್ಳಬಹುದು.

ಧ್ವನಿಯ ಲೋಕದಲ್ಲೂ ಇಂಥ ಒಂದು ಪ್ರಸಂಗ ನಡೆಯಿತು. ಎಂಪಿ3ಯ ಮೇಲೆ ಪೇಟೆಂಟ್ ಇತ್ತು. ಪೇಟೆಂಟ್ ಎಂದರೆ ಹೊಸ ಆವಿಷ್ಕಾರ ಮಾಡಿದವರಿಗೆ ಕೆಲವು ವರ್ಷಗಳ ಮಟ್ಟಿಗೆ ಕಾನೂನು ಕೊಡುವ ಹಕ್ಕು. ಬೇರೆಯವರು ಅದನ್ನು ಬಳಸಿ ತಂತ್ರಾಂಶ ಮಾಡಬೇಕಾದರೆ ಅವರ ಅನುಮತಿ ಬೇಕು, ಶುಲ್ಕ ಕೊಡಬೇಕಾಗಬಹುದು. 1998ರಲ್ಲಿ ಎಂಪಿ3ಯ ಪೇಟೆಂಟ್ ಹೊಂದಿದ್ದ ಫ್ರೌನ್‌ಹೋಫರ್ ಸಂಸ್ಥೆ ಹಾಗೆ ಶುಲ್ಕ ಕೇಳುವುದಾಗಿ ತಿಳಿಸಿತು. ಸಂಶೋಧನೆಗೆ ಖರ್ಚು ಮಾಡಿದವರು ಕೇಳಿದ್ದರಲ್ಲಿ ಅನ್ಯಾಯವೇನಿಲ್ಲ. ಆದರೆ ತಂತ್ರಾಂಶವನ್ನು ಉಚಿತವಾಗಿ ಹಂಚುತ್ತಿದ್ದ ಹವ್ಯಾಸಿಗಳು ಎಲ್ಲಿಂದ ಕೊಟ್ಟಾರು? ಅಮೆರಿಕದ ಕ್ರಿಸ್ ಮಾಂಟ್‌ಗೊಮರಿ ಮತ್ತು ಅವರ ಜೊತೆಗಾರರು ಬೇರೆಯೇ ಒಂದು ವಿಧಾನವನ್ನು ರೂಪಿಸಲು ತೊಡಗಿದರು. ಅದು ಪೂರ್ಣಗೊಂಡು ಹೊರಬಂದದ್ದು 2002ರ ಜುಲೈಯಲ್ಲಿ. ಅದರ ಹೆಸರು ಒಗ್ ವೋರ್ಬಿಸ್. ಹೆಸರು ವಿಚಿತ್ರವಾಗಿದೆ ಅಲ್ಲವೇ? 'ಒಗ್' ಬಂದದ್ದು ಒಂದು ಕಂಪ್ಯೂಟರ್ ಆಟದ ಪದದಿಂದ, 'ವೋರ್ಬಿಸ್' ಒಂದು ಇಂಗ್ಲಿಷ್ ಕಾದಂಬರಿಯ ಪಾತ್ರದ ಹೆಸರು! ಇಲ್ಲಿ ಒಗ್ ಎಂಬುದು ಪೆಟ್ಟಿಗೆ, ವೋರ್ಬಿಸ್ ಎಂಬುದು ಒಳಗೆ ಧ್ವನಿಯನ್ನು ಕುಗ್ಗಿಸಿಡುವ ವಿಧಾನ. ಅದರ ನಿಯಮಗಳನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ಯಾರಿಗೂ ಶುಲ್ಕ ಕೊಡಬೇಕಿಲ್ಲ.

ಇದೇ ಬಳಗದಿಂದ 2012ರಲ್ಲಿ ಒಪಸ್ ಎಂಬ ಇನ್ನೂ ಚುರುಕಾದ ವಿಧಾನ ಬಂತು. ವಾಟ್ಸಾಪ್‌ನಲ್ಲಿ ನೀವು ಕಳಿಸುವ ಧ್ವನಿ ಸಂದೇಶ ಒಪಸ್ ರೂಪದಲ್ಲೇ ಹೋಗುತ್ತದೆ. ಹೆಸರು ಗೊತ್ತಿಲ್ಲದೆಯೇ ಅದನ್ನು ಬಳಸುತ್ತಿದ್ದೀರಿ. ಇನ್ನು ಎಂಪಿ3ಯ ಪೇಟೆಂಟ್‌ಗಳೂ ಅವಧಿ ಮುಗಿದು, 2017ರಲ್ಲಿ ಶುಲ್ಕದ ಏರ್ಪಾಡು ನಿಂತುಹೋಯಿತು. ಆದ್ದರಿಂದ ಇಂದು ಎಂಪಿ3 ಬಳಸಿದರೂ ತಪ್ಪೇನಿಲ್ಲ. ಆದರೂ ಹುಟ್ಟಿದಂದಿನಿಂದ ಬೀಗವನ್ನೇ ಕಾಣದ ಪೆಟ್ಟಿಗೆ ನನಗೆ ಹೆಚ್ಚು ಇಷ್ಟ.

ಮಾಡಿ ನೋಡೋಣ

ಶಾಲೆಯಲ್ಲಿ ಅಥವಾ ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಶಿಕ್ಷಕರನ್ನೋ ಹಿರಿಯರನ್ನೋ ಜೊತೆಗಿಟ್ಟುಕೊಂಡು ಮಾಡಿ. ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಬೇಕು. ಕಿತ್ತಳೆ ಬಣ್ಣದ ಶಂಕುವಿನ ಗುರುತು ಇರುತ್ತದಲ್ಲ, ಅದೇ. ಪ್ಯಾರಿಸ್‌ನ ಕಾಲೇಜೊಂದರ ವಿದ್ಯಾರ್ಥಿಗಳು 1996ರಲ್ಲಿ ಆರಂಭಿಸಿದ ಕೆಲಸ ಅದು.

ಮೊದಲು ಮೊಬೈಲಿನಿಂದ ವೀಡಿಯೊವನ್ನು ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ವಿಎಲ್‌ಸಿ ತೆರೆದು, ಮೇಲೆ 'ಮೀಡಿಯಾ' ಎಂಬಲ್ಲಿ ಒತ್ತಿ. ಇಳಿಯುವ ಪಟ್ಟಿಯಲ್ಲಿ 'ಕನ್ವರ್ಟ್/ಸೇವ್' ಆರಿಸಿ. 'ಆ್ಯಡ್' ಒತ್ತಿ ನಿಮ್ಮ ವೀಡಿಯೊವನ್ನು ತೋರಿಸಿ, ಕೆಳಗಿನ 'ಕನ್ವರ್ಟ್/ಸೇವ್' ಗುಂಡಿ ಒತ್ತಿ. ಈಗ 'ಪ್ರೊಫೈಲ್' ಎಂಬ ಪಟ್ಟಿ ಬರುತ್ತದೆ. ಅದರಲ್ಲಿ 'ಆಡಿಯೋ', 'ವೋರ್ಬಿಸ್' ಎಂಬ ಎರಡು ಪದಗಳಿರುವ ಸಾಲನ್ನು ಆರಿಸಿ. ಕಡತ ಎಲ್ಲಿಗೆ ಹೋಗಬೇಕು, ಅದರ ಹೆಸರೇನು ಎಂದು ಕೊಡಿ. ಹೆಸರಿನ ಕೊನೆಯಲ್ಲಿ ಚುಕ್ಕೆ ಇಟ್ಟು ಓ, ಜಿ, ಜಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರಲಿ. 'ಸ್ಟಾರ್ಟ್' ಒತ್ತಿ. ಕೆಳಗಿನ ಗೆರೆ ಎಡದಿಂದ ಬಲಕ್ಕೆ ಓಡಿ ಕೊನೆ ಮುಟ್ಟಿದರೆ ಕೆಲಸ ಮುಗಿಯಿತು. ಹೊಸ ಕಡತವನ್ನು ತೆರೆದು ಮೊದಲು, ನಡುವೆ, ಕೊನೆಯಲ್ಲಿ ಕೇಳಿ ನೋಡಿ. ಕೇಳಿ ನೋಡದೆ ವೀಡಿಯೊ ಅಳಿಸಲೇಬೇಡಿ!

ಕೆಲವರು ವೀಡಿಯೊದ ಹೆಸರಿನ ಕೊನೆಯ ಅಕ್ಷರಗಳನ್ನಷ್ಟೇ ತಿದ್ದಿ 'ಧ್ವನಿ ಬೇರೆಯಾಯಿತು' ಎಂದುಕೊಳ್ಳುವುದುಂಟು. ಉಪ್ಪಿನ ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಉಪ್ಪು ಸಿಹಿಯಾಗುತ್ತದೆಯೇ? ಗಾತ್ರ ನೋಡಿ, ಕಡಿಮೆಯಾಗಿರದಿದ್ದರೆ ಒಳಗೆ ಚಿತ್ರ ಹಾಗೆಯೇ ಕುಳಿತಿದೆ ಎಂದರ್ಥ.

ಇನ್ನೊಂದು ಎಚ್ಚರಿಕೆ. ಮೊಬೈಲು ವೀಡಿಯೊ ಮಾಡುವಾಗಲೇ ಧ್ವನಿಯನ್ನು ತನ್ನ ರೀತಿಯಲ್ಲಿ ಒಮ್ಮೆ ಕುಗ್ಗಿಸಿರುತ್ತದೆ. ನೀವು ವೋರ್ಬಿಸ್‌ಗೆ ಬದಲಿಸುವಾಗ ಮತ್ತೊಮ್ಮೆ ಕುಗ್ಗುತ್ತದೆ. ಒಮ್ಮೆ ಆದರೆ ಕಿವಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೆ ಅದನ್ನು ಎಂಪಿ3ಗೆ, ಎಂಪಿ3ಯಿಂದ ಇನ್ನೊಂದಕ್ಕೆ ಎಂದು ಬದಲಿಸುತ್ತ ಹೋದರೆ, ಝೆರಾಕ್ಸ್ ಪ್ರತಿಯ ಝೆರಾಕ್ಸ್ ತೆಗೆದಂತೆ ಮಸುಕಾಗುತ್ತ ಹೋಗುತ್ತದೆ. ಇದು ಬೇಡವೆಂದರೆ ಫ್ಲಾಕ್ ಎಂಬ ಮತ್ತೊಂದು ತೆರೆದ ವಿಧಾನವಿದೆ. ಅದು ಒಂದು ಅಂಕಿಯನ್ನೂ ಬಿಡದೆ ಕುಗ್ಗಿಸುತ್ತದೆ. ಜಾಗ ಮಾತ್ರ ಹೆಚ್ಚು ಬೇಕು. ಹಾಗೆಂದು ಮೊಬೈಲು ಮೊದಲೇ ಕೈಬಿಟ್ಟ ದನಿಗಳನ್ನು ಫ್ಲಾಕ್ ಕೂಡ ಮರಳಿ ತರಲಾರದು.

ಎಲ್ಲ ವೀಡಿಯೊಗಳಿಗೂ ಈ ಉಪಾಯ ಸಲ್ಲದು. ಕೋಲಾಟದಲ್ಲಿ ಹೆಜ್ಜೆಯೇ ಮುಖ್ಯ. ಬುಟ್ಟಿ ಹೆಣೆಯುವವರ ಕೈ ನೋಡದಿದ್ದರೆ ಮಾತು ಕೇಳಿ ಏನು ಪ್ರಯೋಜನ? ಅಂಥ ಕಡೆ ಚಿತ್ರವನ್ನೂ ಉಳಿಸಿಕೊಳ್ಳಲೇಬೇಕು. ಹಾಡು, ಕಥೆ, ಒಗಟು, ಅಜ್ಜಂದಿರ ಬರಗಾಲದ ನೆನಪು, ಇವುಗಳಿಗೆ ಧ್ವನಿ ಸಾಕು. ನಿಮ್ಮ ತರಗತಿಯಲ್ಲಿ ಕಣ್ಣು ಕಾಣದ ಗೆಳೆಯನಿದ್ದರೆ ಅವನಿಗೂ ಇವು ಸಮಾನವಾಗಿ ದಕ್ಕುತ್ತವೆ. ಪಾಠದ ವೀಡಿಯೊದಿಂದ ತೆಗೆದ ಧ್ವನಿಯೂ ಅಷ್ಟೇ, ಆದರೆ ಅದರಲ್ಲಿ 'ಇಲ್ಲಿ ನೋಡಿ', 'ಈ ಚಿತ್ರದಲ್ಲಿ' ಎಂಬ ಮಾತು ಬಂದಾಗ ಪಕ್ಕದಲ್ಲಿ ಕುಳಿತು ವಿವರಿಸುವ ಕೆಲಸ ನಿಮ್ಮದು.

ಅಜ್ಜಿಯ ಹಾಡನ್ನು ಧ್ವನಿಮುದ್ರಿಸುವ ಮೊದಲು ಅವರ ಒಪ್ಪಿಗೆ ಕೇಳಿ. ಬೇರೆಯವರಿಗೆ ಕಳಿಸಬಹುದೇ ಎಂದೂ ಕೇಳಿ. ಸಿನಿಮಾ ಹಾಡುಗಳನ್ನು ಹೀಗೆ ತೆಗೆದು ಹಂಚುವಂತಿಲ್ಲ, ಅವುಗಳಿಗೆ ಹಕ್ಕುದಾರರಿದ್ದಾರೆ. ಮುದ್ರಣದ ಆರಂಭದಲ್ಲೇ ಹಾಡುವವರ ಹೆಸರು, ಊರು, ದಿನಾಂಕ, ಯಾವ ಸಂದರ್ಭದಲ್ಲಿ ಹಾಡುವ ಪದ ಎಂಬುದನ್ನು ನೀವೇ ಬಾಯಿಬಿಟ್ಟು ಹೇಳಿ. ಕಡತದ ಹೆಸರು ಬದಲಾದರೂ ಆ ಮಾತು ಧ್ವನಿಯೊಳಗೇ ಉಳಿದಿರುತ್ತದೆ. ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಅಜ್ಜಿಯ ಮನೆಯವರ ಬಳಿ ಇರಲಿ.

ಕೊನೆಗೊಂದು ಲೆಕ್ಕ. ನಿಮ್ಮ ಬಳಿ 32,000 ಮೆಗಾಬೈಟ್ ಹಿಡಿಯುವ ಮೆಮೊರಿ ಕಾರ್ಡ್ ಇದೆ. ಮೇಲೆ ಹೇಳಿದ ಹತ್ತು ನಿಮಿಷದ ವೀಡಿಯೊಗಳು ಅದರಲ್ಲಿ ಎಷ್ಟು ಹಿಡಿಸುತ್ತವೆ? ಹತ್ತು ನಿಮಿಷದ ವೋರ್ಬಿಸ್ ಹಾಡುಗಳು ಎಷ್ಟು? ಹಾಡುಗಳನ್ನು ದಿನಕ್ಕೆ ಒಂದರಂತೆ ಕೇಳುತ್ತ ಬಂದರೆ ಮುಗಿಯಲು ಎಷ್ಟು ವರ್ಷ ಬೇಕು? ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ.